ತುಳಸಾಬಾಯಿಯ ಬೆರಳು

ಹಿಮಾಯತ್‌ನಗರದ ನಮ್ಮ ಗಲ್ಲಿಯಲ್ಲಿ ಏನಾದರೂ ಕಳೆದರೆ ಜನ ಮೊದಲು ದೇವರ ಗೂಡು ತಡಕುತ್ತಿದ್ದರು, ಆಮೇಲೆ ಹಾಸಿಗೆ ಕೊಡವುತ್ತಿದ್ದರು, ಅದೂ ಆದ ಮೇಲೆ ತುಳಸಾಬಾಯಿಗೆ ಹೇಳಿಕಳಿಸುತ್ತಿದ್ದರು. ಪೊಲೀಸರ ಮಾತನ್ನು ಯಾರೂ ಬೇಗ ಎತ್ತುತ್ತಿರಲಿಲ್ಲ. ಪೊಲೀಸರು ಬಂದರೆ ಕಳ್ಳ ಸಿಗುತ್ತಾನೋ ಇಲ್ಲವೋ, ಮನೆಯ ಮಾತು ಬೀದಿಗೆ ಬೀಳುವುದಂತೂ ಖಂಡಿತ. ತುಳಸಾಬಾಯಿ ಬಂದರೆ ಒಂದು ಮೊರ, ಒಂದು ಕತ್ತರಿ, ಒಂದು ಕಪ್ಪಿನ ಚಹಾ. ಮಾತು ಒಳಗೇ ಉಳಿಯುತ್ತಿತ್ತು.

ಅವಳದು ಹುಮನಾಬಾದ ಕಡೆಯ ಊರು. ಗಂಡ ಸರ್ಕಾರಿ ನೌಕರಿಯಲ್ಲಿದ್ದು ತೀರಿಕೊಂಡವರು. ನಾನು ಕೆಳಗಿನ ಮನೆ, ಅವಳು ಮೇಲಿನ ಮನೆ, ನಡುವೆ ಒಂದು ಕಲ್ಲಿನ ಮೆಟ್ಟಿಲು. ನಮ್ಮಿಬ್ಬರ ಮುಪ್ಪೂ ಆ ಮೆಟ್ಟಿಲ ಮೇಲೆಯೇ ಬಂದಿತು ಎನ್ನಬಹುದು. ಜೊತೆಗೆ ಅವಳ ಮಗಳು ಶಾಮಲಾ. ಗಂಡನ ಮನೆ ಬಿಟ್ಟು ಬಂದು ಬಹಳ ವರ್ಷವಾಯಿತು. ಕುಬಸ ಹೊಲಿಯುತ್ತಾಳೆ, ಸೀರೆಗೆ ಫಾಲ್ ಹಚ್ಚುತ್ತಾಳೆ. ಮಾತು ಕಡಿಮೆ, ಕೈ ಚುರುಕು.

ಮೊರ ತಿರುಗಿಸುವುದನ್ನು ನೋಡದವರಿಗೆ ಒಂದಿಷ್ಟು ಹೇಳಬೇಕು. ಮೆಂತ್ಯದ ಹಿಟ್ಟು ಬಳಿದ ಬಿದಿರಿನ ಮೊರ. ಅದರ ಹಿಂದಿನ ದಪ್ಪ ಅಂಚಿಗೆ ದೊಡ್ಡ ಕತ್ತರಿಯ ಎರಡೂ ಮೊನೆಗಳನ್ನು ಚುಚ್ಚಿ ನಿಲ್ಲಿಸುವುದು. ಕತ್ತರಿಯ ಎರಡು ಹಿಡಿಕೆಗಳ ಕೆಳಗೆ ಇಬ್ಬರು ಒಂದೊಂದು ತೋರುಬೆರಳು ಕೊಟ್ಟು ಎತ್ತುವುದು. ಒಂದು ಬೆರಳು ಕಳಕೊಂಡ ಮನೆಯವರದು, ಇನ್ನೊಂದು ತುಳಸಾಬಾಯಿಯದು. ಮೊರ ಬೆರಳ ತುದಿಯಲ್ಲಿ ಜೋಲಿ ಹೊಡೆಯುತ್ತ ನಿಂತಾಗ ಅವಳು ಮೆಲ್ಲಗೆ ಹೇಳುತ್ತಾಳೆ: "ಕಾಳ ಬ್ಯಾರೆ ಮಾಡಿದಿ, ಹೊಟ್ಟ ಬ್ಯಾರೆ ಮಾಡಿದಿ. ತಾಯಿ ಅಂಬಾಬಾಯಿ, ಕಳ್ಳರನ್ನ ಬ್ಯಾರೆ ಮಾಡು." ಆಮೇಲೆ ಒಬ್ಬರು ಒಂದೊಂದೇ ಹೆಸರು ಹೇಳುತ್ತ ಹೋಗಬೇಕು. ಯಾವ ಹೆಸರಿಗೆ ಮೊರ ತಿರುಗುತ್ತದೋ ಅವರೇ ಕಳ್ಳರು.

ತಿರುಗುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ನನ್ನ ಗುಮಾನಿ ಬೇರೆ. ಯಾರ ಮನೆಗೆ ಹೋದರೂ ತುಳಸಾಬಾಯಿ ಮೊರ ಎತ್ತುವ ಮೊದಲು ಚಹಾ ಕುಡಿಯುತ್ತಿದ್ದಳು. ಚಹಾ ಕುಡಿಯುವಾಗ ಕೇಳುತ್ತಿದ್ದಳು: ಯಾರು ಬಂದಿದ್ದರು, ಯಾರು ಹೋದರು, ಯಾರ ಮುಖ ಸಣ್ಣದಾಗಿದೆ. ಮನೆಯವರು ಅರ್ಧ ನುಂಗಿ ಅರ್ಧ ಹೇಳಿದ ಹೆಸರೊಂದು ಇರುತ್ತಿತ್ತಲ್ಲ, ಕಡೆಗೆ ಮೊರ ತಿರುಗಿದ್ದು ಆ ಹೆಸರಿಗೇ. ಕೆಲಸದವಳು, ಡ್ರೈವರು, ಸೊಸೆಯ ತಮ್ಮ. ಯಜಮಾನನ ಹೆಸರಿಗೆ ತಿರುಗಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಎದುರು ಮನೆಯ ದೇವರ ಮುಂದಿನ ಬೆಳ್ಳಿ ದೀಪದ ಸಮೆ ಕಳೆದಾಗ ಮೂಲೆಯ ಕಟ್ಟಡದ ವಾಚ್‌ಮನ್ ಹೆಸರು ಬಂತು. ಅವನು ಅದೇ ಸಂಜೆ ಹಾಸಿಗೆ ಸುತ್ತಿ ತಲೆಯ ಮೇಲಿಟ್ಟುಕೊಂಡು ಹೋದ. ಸಮೆ ಅವನ ಹತ್ತಿರವೂ ಸಿಗಲಿಲ್ಲ, ಎಲ್ಲೂ ಸಿಗಲಿಲ್ಲ. ನಾನು ತುಳಸಾಬಾಯಿಯನ್ನು ಕೇಳಿದ್ದೆ.

"ನಾ ಏನ ಮಾಡೇನಿ? ನಾ ಬರೇ ಬೆರಳ ಕೊಟ್ಟೀನಿ" ಎಂದಿದ್ದಳು.

ಆ ಮಾತು ಹೇಳುವಾಗ ಅವಳ ಮುಖದಲ್ಲಿ ಕಳ್ಳತನದ ಗೆರೆಯೊಂದನ್ನು ಹುಡುಕಿದೆ. ಸಿಗಲಿಲ್ಲ. ಸಿಗದೆ ಇದ್ದದ್ದಕ್ಕೇ ನನಗೆ ಸಂಶಯ ಹೆಚ್ಚಾಯಿತು.

ಇದೆಲ್ಲ ಹೀಗಿರುವಾಗ ಸುಹಾಸಿನಿಯ ಮನೆಯಲ್ಲಿ ಬಿಲ್ವಾರ ಕಳೆಯಿತು.

ಸುಹಾಸಿನಿಯವರದು ಗಲ್ಲಿಯ ಆ ಕೊನೆಯ ಮನೆ. ಗಂಡ ಬಸವರಾಜ ಸರ್ಕಾರದಲ್ಲಿ ಇಂಜಿನಿಯರ್. ಮಗಳು ದೀಪ್ತಿ ಮಾದಾಪುರದ ಆಫೀಸಿಗೆ ರಜೆ ಹಾಕಿ ತವರಿಗೆ ಬಂದಿದ್ದಳು. ಏಳು ತಿಂಗಳ ಬಸುರಿ, ಸೀಮಂತ ಹತ್ತಿರವಿತ್ತು. ಮಗಳಿಗೆ ತೊಡಿಸಬೇಕೆಂದು ಸುಹಾಸಿನಿ ತನ್ನ ಅತ್ತೆಯ ಕಾಲದ ಚಿನ್ನದ ಬಿಲ್ವಾರದ ಬಳೆ ಜೋಡಿಯನ್ನು ಕಪಾಟಿನಿಂದ ತೆಗೆದು, ಅಂಟುವಾಳದ ನೀರಿನಲ್ಲಿ ತಿಕ್ಕಿ, ಮಲಗುವ ಕೋಣೆಯ ಮಂಚದ ಮೇಲೆ ಬಿಳಿ ಅರಿವೆ ಹಾಸಿ ಒಣಗಲು ಇಟ್ಟಿದ್ದಳು. ಸಂಜೆ ನೋಡಿದರೆ ಅರಿವೆ ಇತ್ತು, ಬಿಲ್ವಾರ ಇರಲಿಲ್ಲ.

ಆ ದಿನ ಆ ಕೋಣೆಗೆ ಮನೆಯವರಲ್ಲದೆ ಹೋದವರು ಇಬ್ಬರು. ನೆಲ ಒರೆಸಲು ಬಂಡೆಮ್ಮ. ದೀಪ್ತಿಯ ಕುಬಸದ ಅಳತೆಗೆ ಶಾಮಲಾ.

ಗಲ್ಲಿಯಲ್ಲಿ ಎರಡನೆಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಬಂಡೆಮ್ಮನ ಹೆಸರು ಮಾತ್ರ ಬಾಯಿಂದ ಬಾಯಿಗೆ ಹೋಯಿತು. ಅವಳು ನಾರಾಯಣಪೇಟೆ ಕಡೆಯವಳು; ಕನ್ನಡವನ್ನು ಅರ್ಧ ತೆಲುಗಿನಲ್ಲಿ ಆಡುತ್ತಾಳೆ. ನಮ್ಮ ಗಲ್ಲಿಯ ಮನೆಗಳೇ ಅವಳ ಅನ್ನ.

"ಎರಡ ದಿನದಿಂದ ನೋಡಾಕತ್ತೀನಿ, ಆಕಿ ಕಣ್ಣಿಗೆ ಕಣ್ಣ ಕೊಡವಲ್ಲಳು" ಎಂದಳು ಸುಹಾಸಿನಿ.

"ನೀವು ಹಂಗ ನೋಡಿದ್ರ ನಾನೂ ಕೊಡಂಗಿಲ್ಲ ಬಿಡ್ರಿ" ಎಂದೆ ನಾನು. ಅವಳಿಗೆ ಅದು ಸೇರಲಿಲ್ಲ.

ಶುಕ್ರವಾರ ಮೊರ ತಿರುಗಿಸುವುದು ಎಂದು ಗೊತ್ತಾಯಿತು. ಬಸವರಾಜನಿಗೆ ಮೊರದ ಮೇಲೆ ನಂಬಿಕೆ ಇರಲಿಲ್ಲ, ಆದರೆ ಬೀಗರು ಬರುವ ಹೊತ್ತಿನಲ್ಲಿ ಮನೆ ಮುಂದೆ ಪೊಲೀಸ್ ಜೀಪು ನಿಲ್ಲುವುದೂ ಬೇಕಿರಲಿಲ್ಲ. ನಂಬಿಕೆ ಇಲ್ಲದವರು ಮೊರದ ಮುಂದೆ ಕೂಡುವುದನ್ನು ನಾನು ಮೊದಲೂ ನೋಡಿದ್ದೇನೆ.

ಅದರ ಹಿಂದಿನ ಮಧ್ಯಾಹ್ನ ಬಂಡೆಮ್ಮ ನಮ್ಮ ಮೆಟ್ಟಿಲ ಹತ್ತಿರ ಬಂದು ನಿಂತಳು. ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ, ತುಳಸಾಬಾಯಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಬಾಯಾರ, ನಾಳೆ ನನ್ನ ಹೆಸರ ಹೇಳಸ್ತಾರಂತಲ್ಲರಿ."

"ಎಲ್ಲಾರ ಹೆಸರೂ ಹೇಳಸ್ತಾರ. ನೀ ತಗೊಂಡಿಲ್ಲಂದ್ರ ಅಂಜಿಕಿ ಯಾಕ? ತಾಯಿ ನೋಡ್ತಾಳ."

"ತಾಯಿಗೆ ಅಂಜಂಗಿಲ್ಲರಿ ನಾ. ನಿಮ್ಮ ಬೆರಳಿಗೆ ಅಂಜಾಕತ್ತೀನಿ."

ತುಳಸಾಬಾಯಿಯ ಕೈ ಸುಣ್ಣದ ಡಬ್ಬಿಯ ಮೇಲೆ ನಿಂತಿತು. "ಏನಂದಿ?"

"ಸಿಟ್ಟ ಮಾಡ್ಕೋಬ್ಯಾಡ್ರಿ. ಸುಹಾಸಿನಮ್ಮ ನನ್ನ ಮ್ಯಾಲ ಹೇಳ್ತಾಳ, ನೀವು ಕೇಳ್ತೀರಿ. ಆಮ್ಯಾಲೆ ಇಬ್ಬರೂ ಕೂಡಿ ಮೊರ ಹಿಡೀತೀರಿ. ನನ್ನ ಕಡೆಯವರದು ಅಲ್ಲಿ ಒಂದ ಬೆರಳರ ಐತೇನು? ದೊಂಗ ಅಂದ್ರು ಅಂದ್ರ ಮುಗೀತಮ್ಮಾ. ಒಂದ ಮನಿ ಹೋದ್ರ ಹೋಗಲಿ, ಗಲ್ಲಿನೇ ಹೋಗ್ತೈತಿ. ಕಳ್ಳಿಗೆ ಯಾವ ಅಮ್ಮ ಬಾಗಿಲ ತೆಗೀತಾಳ?"

ಅಷ್ಟು ಹೇಳಿ ಅವಳು ಅಳಲೂ ಇಲ್ಲ, ಕೂಡಲೂ ಇಲ್ಲ. ಮುಂದಿನ ಮನೆಯ ಪಾತ್ರೆ ಕಾಯುತ್ತಿದ್ದವು, ಹೋದಳು.

ತುಳಸಾಬಾಯಿ ಹಚ್ಚಿದ ಎಲೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿದಳು.

"ಅಕ್ಕಾ, ಖರೇ ಹೇಳು. ನಾನ ತಿರುಗಸ್ತೀನಿ ಅಂತ ನಿನಗೂ ಅನಸ್ತೈತೇನು?"

"ಅನಸ್ತೈತಿ."

"ಯಾವಾಗಿಂದ?"

"ನೀ ಮೊದಲನೇ ಸಲ ತಿರುಗಿಸಿದಾಗಿಂದ."

ಅವಳಿಗೆ ಸಿಟ್ಟು ಬಂದಿತು. ಇಷ್ಟು ವರ್ಷ ನನ್ನ ಮನೆಯ ಉಪ್ಪಿನಕಾಯಿ ತಿನ್ನುತ್ತ ಮನಸ್ಸಿನಲ್ಲಿ ಇದನ್ನು ಇಟ್ಟುಕೊಂಡಿದ್ದೆಯಾ ಎಂದಳು. ಅಂಬಾಬಾಯಿಯ ಆಣೆ, ನಾನು ತಿಳಿದು ತಿಳಿದು ಒಮ್ಮೆಯೂ ನೂಕಿಲ್ಲ ಎಂದಳು. ನಾನು ಸುಲಿದ ಬೆಳ್ಳುಳ್ಳಿಯನ್ನು ಬದಿಗಿಟ್ಟು, "ಆಣಿ ಬ್ಯಾಡ. ನೋಡೇ ಬಿಡೂಣು" ಎಂದೆ.

ಮೇಲೆ ಹೋದೆವು. ಶಾಮಲಾಳನ್ನು ಹೊಲಿಗೆ ಮಷೀನಿನ ಮುಂದಿನಿಂದ ಎಬ್ಬಿಸಿದೆವು. ತಾಯಿ ಮಗಳು ಗೋಡೆಯ ಕಡೆ ಮುಖ ಮಾಡಿ ನಿಂತರು. ನಾನು ಮೂರು ಬೋಗುಣಿ ಬೋರಲು ಹಾಕಿ, ಒಂದರ ಕೆಳಗೆ ತುಳಸಾಬಾಯಿಯ ಅಡಿಕೆ ಚೀಲ ಇಟ್ಟೆ. ಇಬ್ಬರೂ ಮೊರ ಎತ್ತಿದರು. ನಾನು ಒಂದೊಂದೇ ಬೋಗುಣಿ ಮುಟ್ಟುತ್ತ ಹೋದೆ. ನಡುವಿನದಕ್ಕೆ ಮೊರ ತಿರುಗಿತು. ಎತ್ತಿದರೆ ಬರಿ ನೆಲ. ಚೀಲ ಬಲಗಡೆಯದರ ಕೆಳಗಿತ್ತು.

"ಇಂಥ ಸಣ್ಣದಕ್ಕ ತಾಯಿ ಬರಂಗಿಲ್ಲ" ಎಂದಳು ತುಳಸಾಬಾಯಿ.

ಎರಡನೆಯ ಸಲ ಚೀಲ ಎಲ್ಲಿಟ್ಟೆನೆಂದು ತುಳಸಾಬಾಯಿಗೆ ಮಾತ್ರ ತೋರಿಸಿದೆ. "ನೂಕಬ್ಯಾಡ ಮತ್ತ" ಎಂದೂ ಹೇಳಿದೆ. ಮೊರ ಸರಿಯಾದ ಬೋಗುಣಿಗೇ ತಿರುಗಿತು. ಅವಳ ಮುಖ ಅರಳಿತು. "ನೋಡಿದ್ಯಲ್ಲ, ನಾ ನೂಕಿಲ್ಲ."

ಮೂರನೆಯ ಸಲ ನಾನು ಒಂದು ಸುಳ್ಳು ಹೇಳಿದೆ. ಚೀಲವನ್ನು ಬಲಗಡೆ ಇಟ್ಟು, ಶಾಮಲಾಳ ಕಿವಿಯಲ್ಲಿ, "ಎಡಕ್ಕ ಇಟ್ಟೀನಿ, ನಿಮ್ಮವ್ವಗ ಹೇಳಬ್ಯಾಡ" ಎಂದೆ. ಮೊರ ಎಡಗಡೆಯ ಬೋಗುಣಿಗೆ ಎಂಥ ಚೆಂದ ತಿರುಗಿತೆಂದರೆ, ಸುಳ್ಳು ಹೇಳಿದ ನಾನೇ ಒಂದು ಗಳಿಗೆ ಚೀಲ ಅಲ್ಲೇ ಇದೆಯೇನೋ ಎಂದುಕೊಂಡೆ. ಎತ್ತಿ ತೋರಿಸಿದೆ. ಏನೂ ಇರಲಿಲ್ಲ.

"ಶಾಮಲಾ, ನೀ ನೂಕಿದಿ."

"ಇಲ್ಲವ್ವಾ. ಅದ ಎಳಕೊಂಡ ಹೋದಂಗಾತು. ನಾ ನೀನ ನೂಕಿದಿ ಅನ್ಕೊಂಡೆ."

ಬೆರಳುಗಳನ್ನೇ ನೋಡುತ್ತ ಕೂತಿದ್ದವಳು ನಾನು. ಯಾರೂ ನೂಕಿದ್ದು ಕಾಣಲಿಲ್ಲ. ಇಬ್ಬರ ಮುಖದಲ್ಲೂ ಕಪಟವಿರಲಿಲ್ಲ. ಅಷ್ಟು ವರ್ಷ ಸಾಕಿದ ನನ್ನ ಗುಮಾನಿ ಒಂದು ಕಡೆ ಸರಿಯಾಗಿತ್ತು, ಒಂದು ಕಡೆ ಪೂರ್ತಿ ತಪ್ಪಾಗಿತ್ತು. ಮೊರ ತಿರುಗಿಸುತ್ತಿದ್ದುದು ಅವಳೇ, ಆ ಮನೆಯವರೇ. ಆದರೆ ಮೋಸದಿಂದಲ್ಲ. ಮನಸ್ಸಿನಲ್ಲಿ ಏನಿತ್ತೋ ಅದು ಅವರನ್ನು ಕೇಳದೆ ಬೆರಳಿಗೆ ಇಳಿಯುತ್ತಿತ್ತು. ಮೋಸಗಾರರಾದರೆ ಒಂದು ದಿನ ಹಿಡಿಯಬಹುದು, ಅವರಿಗೂ ಗೊತ್ತಿರುತ್ತದೆ. ತನಗೇ ಗೊತ್ತಿಲ್ಲದವಳನ್ನು ಹಿಡಿಯುವುದು ಹೇಗೆ?

ತುಳಸಾಬಾಯಿ ಮೊರ ಮಡಿಲಲ್ಲಿಟ್ಟುಕೊಂಡು ಕೂತಳು. "ಹಂಗಾದ್ರ ಆ ವಾಚ್‌ಮನ್..." ಎಂದಳು. ಆಮೇಲೆ, "ನಾಳೆ ನಾ ಹೋಗಂಗಿಲ್ಲ" ಎಂದು ಫೋನು ತರಿಸಿ ಸುಹಾಸಿನಿಗೆ ಹೇಳಿದಳು.

ಸುಹಾಸಿನಿಯ ದನಿ ಫೋನಿನಿಂದ ಹೊರಗೆ ನಮಗೂ ಕೇಳಿಸುತ್ತಿತ್ತು. "ಯಾಕ ಬಾಯಾರ, ಇಷ್ಟ ದಿನ ಇಲ್ಲದ್ದು? ಅವತ್ತ ನಮ್ಮ ಮನಿಗೆ ಶಾಮಲಾನೂ ಬಂದಿದ್ಲಲ್ಲ, ಅದಕ್ಕ ಬರಂಗಿಲ್ಲೇನು?"

ತುಳಸಾಬಾಯಿ ಫೋನನ್ನು ಮಗಳ ಕೈಗೆ ಕೊಟ್ಟಳು. ಶಾಮಲಾ ಅದನ್ನು ಆರಿಸಿ, ಮಷೀನಿನ ಮುಂದೆ ಹೋಗಿ ಕೂತು, "ಹೋಗವ್ವಾ. ನೀ ಹೋಗದಿದ್ರ ಅದೂ ನನ್ನ ಹೆಸರಿಗೆ ಮೊರ ತಿರುಗಿದಂಗೇ" ಎಂದಳು.

ನಾನು ಕೆಳಗಿಳಿಯುವಾಗ ತುಳಸಾಬಾಯಿ ಮೆಟ್ಟಿಲ ತನಕ ಬಂದಳು. ದನಿ ತಗ್ಗಿಸಿದಳು.

"ಅಕ್ಕಾ, ಶಾಮಲಾ ಸೊಂಟದಾಗ ಒಂದ ಕೀಲಿಕೈ ಇಟ್ಕೊಂಡಾಳ. ನಮ್ಮ ಮನ್ಯಾಗಿನ ಯಾವ ಕೀಲಿಗೂ ಅದು ಹತ್ತಂಗಿಲ್ಲ."

"ಕೇಳಿದ್ದೇನು?"

"ಇಲ್ಲ. ಆಕಿ ಜಳಕಕ್ಕ ಹೋದಾಗ ಹಚ್ಚಿ ನೋಡಿದೆ."

ಆ ಕೀಲಿಕೈಯನ್ನು ನಾನೂ ನೋಡಿದ್ದೆ. ಹೊಸದು, ಉದ್ದನೆಯದು. ಬಿಲ್ವಾರ ಕಳೆದ ವಾರದಲ್ಲೇ ಅದು ಶಾಮಲಾಳ ಸೊಂಟಕ್ಕೆ ಬಂದದ್ದು. ನಾನು ಏನೂ ಹೇಳಲಿಲ್ಲ. ಹೇಳಿದ್ದರೆ ಅವಳ ಬೆರಳಿಗೆ ಇನ್ನಷ್ಟು ಭಾರ ಹಾಕಿದಂತಾಗುತ್ತಿತ್ತು.

"ನಾಳೆ ಬೆರಳ ಕಲ್ಲ ಮಾಡ್ತೀನಿ. ಯಾರ ಹೆಸರಿಗೂ ತಿರುಗಗೊಡಂಗಿಲ್ಲ. ಆಗ ಬಂಡೆಮ್ಮನೂ ಉಳೀತಾಳ, ನಾನೂ ಉಳೀತೀನಿ" ಎಂದಳು ತುಳಸಾಬಾಯಿ.

ಶುಕ್ರವಾರ ಸುಹಾಸಿನಿಯ ಪಡಸಾಲೆಯಲ್ಲಿ ಸೋಫಾ ಸರಿಸಿ ಜಮಖಾನೆ ಹಾಸಿದ್ದರು. ಬಸವರಾಜ ಕುರ್ಚಿಯಲ್ಲಿ, ದೀಪ್ತಿ ದಿಂಬಿಗೆ ಒರಗಿ, ಬಸವರಾಜನ ತಂಗಿ ಮಧುರಾ ಹೆಸರು ಹೇಳಲು ಮುಂದೆ. ಬಂಡೆಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದಳು. ಶಾಮಲಾ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು, ಹೊರ ಬಾಗಿಲ ಹತ್ತಿರ ನಿಂತಳು. ಆ ದಿನ ತುಳಸಾಬಾಯಿ ಚಹಾ ಕುಡಿಯಲಿಲ್ಲ, ಏನನ್ನೂ ಕೇಳಲಿಲ್ಲ.

ಸುಹಾಸಿನಿ ಒಂದು ಬೆರಳು ಕೊಟ್ಟಳು, ತುಳಸಾಬಾಯಿ ಒಂದು. ಮೊರ ಎದ್ದಿತು. ಮಧುರಾ ಮನೆಯವರ ಹೆಸರುಗಳಿಂದ ಶುರು ಮಾಡಿದಳು, ಶಾಸ್ತ್ರಕ್ಕೆ. ಮೊರ ಅಲ್ಲಾಡಲಿಲ್ಲ.

"ಬಂಡೆಮ್ಮ ತಗೊಂಡಾಳ."

ಸುಹಾಸಿನಿಯ ಕಣ್ಣು ಮೊರದಲ್ಲಿ ನೆಟ್ಟಿತ್ತು. ಮೊರ ನಡುಗಿತು. ಒಂದು ಅಂಗುಲ ಅತ್ತ ಹೋಯಿತು, ಅಲ್ಲೇ ನಿಂತಿತು, ತಿರುಗಿ ಬಂದಿತು. ತುಳಸಾಬಾಯಿಯ ಮೊಣಕೈಯ ನರ ಎದ್ದು ಕಾಣುತ್ತಿತ್ತು.

"ಇನ್ನೊಮ್ಮೆ ಹೇಳು" ಎಂದಳು ಸುಹಾಸಿನಿ.

ಮಧುರಾ ಇನ್ನೊಮ್ಮೆ ಹೇಳಿದಳು. ಮತ್ತೆ ನಡುಗಿತು, ಮತ್ತೆ ನಿಂತಿತು. ಬಂಡೆಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದ ಕೈ ಬಿಟ್ಟಳು.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಮಧುರಾ ಅಚ್ಚುಕಟ್ಟಿನ ಹೆಂಗಸು. "ಶಾಮಲಾನ ಹೆಸರೂ ಹೇಳಿಬಿಡೂಣಲ್ಲ, ಆಕಿನೂ ಕೋಣಿಗೆ ಹೋಗಿದ್ಲು. ನಾಳೆ ಯಾರೂ ಒಬ್ಬರನ್ನ ಬಿಟ್ರು ಅನಬಾರದು" ಎಂದಳು. ಯಾರೂ ಬೇಡ ಎನ್ನಲಿಲ್ಲ. ತಾಯಿಯಾದವಳು ಬೇಡ ಎನ್ನುವಂತಿರಲಿಲ್ಲ.

"ಶಾಮಲಾ ತಗೊಂಡಾಳ."

ತುಳಸಾಬಾಯಿಯ ತುಟಿ ಅಲುಗುತ್ತಿದ್ದವು. ಬ್ಯಾಡ, ಬ್ಯಾಡ, ಬ್ಯಾಡ ಎನ್ನುತ್ತಿದ್ದಳು. ದನಿ ಇರಲಿಲ್ಲ, ನಾನು ತುಟಿ ನೋಡಿಯೇ ತಿಳಿದೆ. ತುಂಬಿದ ಮಜ್ಜಿಗೆ ಗಡಿಗೆ ಹೊತ್ತ ಹುಡುಗಿಗೆ ಚೆಲ್ಲಬೇಡ ಚೆಲ್ಲಬೇಡ ಎಂದು ಹೇಳುತ್ತ ಹಿಂದೆ ಹೋದರೆ ಏನಾಗುತ್ತದೋ ಹಾಗೆಯೇ ಆಯಿತು. ಮೊರ ಗರ್ರನೆ ತಿರುಗಿ ಬೆರಳು ಬಿಟ್ಟು ಕೆಳಗೆ ಬಿತ್ತು. ಕತ್ತರಿ ಕಳಚಿ ಜಮಖಾನೆ ದಾಟಿ ನೆಲದ ಮೇಲೆ ಜಾರಿತು.

ಮೊದಲು ಬಾಯಿ ಬಿಟ್ಟವಳು ಸುಹಾಸಿನಿ. ತನ್ನ ಬೆರಳನ್ನೇ ನೋಡಿಕೊಳ್ಳುತ್ತ, "ನಿನ್ನೆ ಫೋನಿನ್ಯಾಗ ಸಿಟ್ಟಿಗೆ ಅಂದಿದ್ದೆ, ಖರೇನ ನಾ ಆಕಿನ್ನ ಮನಸಿನ್ಯಾಗ ತಂದಿರಲಿಲ್ಲರಿ" ಎಂದಳು.

"ನಾ ತಂದಿದ್ದೆ" ಎಂದಳು ತುಳಸಾಬಾಯಿ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಮೊರ ಎತ್ತಿಕೊಳ್ಳಲಿಲ್ಲ.

"ಇದು ತಾಯಿ ತಿರುಗಿಸಿದ್ದಲ್ಲ. ನಾ ತಿರುಗಿಸಿದ್ದು."

ಬಸವರಾಜ ಮುಂದಕ್ಕೆ ಬಾಗಿದ. "ಬೇಕಂತ ತಿರುಗಿಸಿದಿರೇನು?"

"ಬ್ಯಾಡ ಅಂತನ ಹಿಡಿದಿದ್ದೆ ಸಾಹೇಬ್ರ. ಮೈಯಾಗಿನ ತ್ರಾಣ ಎಲ್ಲಾ ಹಾಕಿ ಬ್ಯಾಡ ಅಂದೆ."

"ಬ್ಯಾಡ ಅಂದ ಮ್ಯಾಲೆ ನೀವು ಮಾಡಿದ್ದು ಹ್ಯಾಂಗಾತು? ಬೆರಳು ತಾನ ತಿರುಗಿತು ಅನ್ರಿ."

"ತಾನ ತಿರುಗೂದಕ್ಕ ಅದೇನು ಫ್ಯಾನೇನ್ರಿ? ನನ್ನ ಮೈಗೆ ಹತ್ತಿದ ಬೆರಳು. ಮಗಳ ಮ್ಯಾಲೆ ನನಗ ಗುಮಾನಿ ಬಂದಿತ್ತು. ಬಾಯಿಲೆ ಹೇಳಲಿಲ್ಲ, ಆಕಿನ್ನ ಕೇಳಲಿಲ್ಲ. ಬಾಯಿ ಮುಚ್ಚಿದೆ, ಬೆರಳಿಲೆ ಬಂತು. ಇಷ್ಟ ವರ್ಷ ನಿಮ್ಮೆಲ್ಲಾರ ಮನ್ಯಾಗೂ ಹಿಂಗ ಬಂದೈತಿ. ನಿಮ್ಮ ಗುಮಾನಿ ಒಂದ ಬೆರಳಿಲೆ, ನಾ ಕೇಳಿದ್ದು ಒಂದ ಬೆರಳಿಲೆ."

ಮಧುರಾ ಏನೋ ಹೇಳಲು ಹೋದಳು. ತುಳಸಾಬಾಯಿ ಕೈ ಅಡ್ಡ ಹಿಡಿದಳು.

"ಮೊರ ನಂಬತೀರಿ ಅಂದ್ರ ನನ್ನ ಮಗಳು ಅಲ್ಲೇ ನಿಂತಾಳ, ಸೆರಗ ಝಾಡಿಸಿ ನೋಡ್ರಿ. ನಂಬಂಗಿಲ್ಲಂದ್ರ ಬಂಡೆಮ್ಮನ ಹೆಸರೂ ಬಿಡ್ರಿ. ಬೇಕಾದಾಗ ನಂಬೂದು, ಬ್ಯಾಡಾದಾಗ ಬಿಡೂದು, ಎರಡೂ ಆಗಂಗಿಲ್ಲ."

ಶಾಮಲಾಳ ಸೆರಗನ್ನು ಯಾರೂ ಝಾಡಿಸಲಿಲ್ಲ. ನಾನು ಬಾಗಿಲ ಕಡೆ ನೋಡಿದಾಗ ಅಲ್ಲಿ ಅವಳ ಚಪ್ಪಲಿಯೂ ಇರಲಿಲ್ಲ.

ಬಸವರಾಜ ಕಡೆಗೆ ಪೊಲೀಸರಿಗೇ ಹೇಳಿದ. ಅವರು ಬಂದು, ಮನೆಯವರನ್ನೂ ಸೇರಿಸಿ ಎಲ್ಲರನ್ನೂ ಕೇಳಿ, ಮಂಚದ ಕೆಳಗೆ ಬ್ಯಾಟರಿ ಬಿಟ್ಟು ನೋಡಿ ಹೋದರು. ಸೀಮಂತವನ್ನು ಬೇರೆ ಬಳೆ ತೊಡಿಸಿ ಮಾಡಿದರು. ಬಿಲ್ವಾರ ಇನ್ನೂ ಸಿಕ್ಕಿಲ್ಲ. ಬಂಡೆಮ್ಮನನ್ನು ಸುಹಾಸಿನಿ ಕೆಲಸದಿಂದ ಬಿಡಿಸಲಿಲ್ಲ. ಆದರೆ ಮಲಗುವ ಕೋಣೆ ನಾನೇ ಒರೆಸಿಕೊಳ್ಳುತ್ತೇನೆ ಎಂದಳಂತೆ. ಉಳಿದ ಮನೆಗಳ ಬಾಗಿಲು ತೆರೆದೇ ಇದ್ದವು. ಬಂಡೆಮ್ಮ ಒಂದು ದಿನ ತುಳಸಾಬಾಯಿಯ ಎದುರು ನಿಂತು, "ನನ್ನ ಬಿಡ್ರಿ ಅಂದಿದ್ದೆ. ಮಗಳನ್ನ ಹಿಡೀರಿ ಅಂದಿರಲಿಲ್ಲಲ್ಲರಿ" ಎಂದಳು. ಅದು ಉಪಕಾರ ನೆನೆದದ್ದೋ ಬೈಗುಳವೋ ಇಬ್ಬರಿಗೂ ತಿಳಿಯಲಿಲ್ಲ.

ಮೇಲಿನ ಮನೆಯಲ್ಲಿ ಮಾತು ನಿಂತಿತ್ತು. ಮಷೀನಿನ ಸದ್ದು ಮಾತ್ರ ಕೇಳುತ್ತಿತ್ತು. ತುಳಸಾಬಾಯಿ ಊಟಕ್ಕೆ ಕರೆದರೆ ಶಾಮಲಾ ಬಂದು ಉಂಡು ಏಳುತ್ತಿದ್ದಳು. ತಾಯಿ ಏನೋ ಹೇಳಲು ಬಾಯಿ ತೆರೆದರೆ ಪೆಡಲ್ ಜೋರಾಗುತ್ತಿತ್ತು. ಹೀಗೇ ದಿನಗಳು ಹೋದವು. ಒಂದು ಮುಂಜಾನೆ ನಾನು ಕೊತ್ತಂಬರಿ ಕೊಡಲು ಮೇಲೆ ಹೋಗಿದ್ದೆ. ತುಳಸಾಬಾಯಿ ಮಷೀನಿನ ಚಕ್ರದ ಮೇಲೆ ಕೈ ಇಟ್ಟು ಅದನ್ನು ನಿಲ್ಲಿಸಿದಳು.

"ಬಿಲ್ವಾರ ನೀ ತಗೊಂಡಿಯೇನು?"

ಶಾಮಲಾ ತಲೆ ಎತ್ತಿದಳು. "ಇಲ್ಲ."

"ಕೀಲಿಕೈ ಯಾವುದದು?"

ಶಾಮಲಾ ಸೊಂಟದಿಂದ ಕೀಲಿಕೈ ತೆಗೆದು ಮಷೀನಿನ ಹಲಗೆಯ ಮೇಲಿಟ್ಟಳು. "ಶಂಶಾಬಾದಿನ್ಯಾಗ ಒಂದು ಅಂಗಡಿ. ಹೊಸಾ ಮನಿಗೋಳು ಆಗ್ಯಾವಲ್ಲ, ಅಲ್ಲಿ. ಹಿಂದ ಒಂದ ಖೋಲಿ ಐತಿ. ಮಷೀನ ಒಯ್ದು ಅಲ್ಲೇ ಇರಬೇಕಂತ ಮಾಡಿದ್ದೆ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಬ್ಯಾಡ ಅಂತಿದ್ದಿ. ನೀ ಬ್ಯಾಡ ಅಂದ್ರ ನಾ ಹೋಗತಿರಲಿಲ್ಲ. ಅಷ್ಟಕ್ಕ ಹೇಳಲಿಲ್ಲ." ಅವಳು ಚಕ್ರದ ಮೇಲಿನ ತಾಯಿಯ ಕೈಯನ್ನು ನೋಡಿದಳು. "ಈಗರ ನಂಬತೀಯೇನು?"

"ನಂಬಬೇಕಂತ ಮನಸ್ಸ ಮಾಡೀನಿ."

"ಮನಸ್ಸ ಮಾಡೂದು ಬ್ಯಾರೆ, ನಂಬೂದು ಬ್ಯಾರೆ."

"ಗೊತ್ತೈತಿ. ಅದಕ್ಕ ಬಾಯಿಲೆ ಕೇಳಿದೆ."

ಕೊತ್ತಂಬರಿ ಕೈಯಲ್ಲಿ ಹಿಡಿದು ನಿಂತ ನನಗೆ ಒಂದು ಮಾತು ಹೊಳೆಯದೆ ಇರಲಿಲ್ಲ. ಕೀಲಿಕೈಯ ಮಾತು ನಿಜವಿರಬಹುದು. ಅಂಗಡಿಯೂ ಇರಬಹುದು. ಹಾಗೆಂದ ಮಾತ್ರಕ್ಕೆ ಬಿಲ್ವಾರದ ಮಾತು ನಿಜವೆಂದು ಆಗುತ್ತದೆಯೇ? ಕೂಡಲೇ ಅನಿಸಿತು, ಈಗ ನನ್ನ ಕೈಗೆ ಒಂದು ಮೊರ ಕೊಟ್ಟರೆ ಅದು ಯಾವ ಕಡೆ ತಿರುಗುತ್ತದೆಂದು ಹೇಳಲು ಅಂಬಾಬಾಯಿ ಬೇಕಿಲ್ಲ. ಕೊತ್ತಂಬರಿಯನ್ನು ತೂಗುವ ನೆಲುವಿನಲ್ಲಿ ಇಟ್ಟು ಇಳಿದು ಬಂದೆ.

ಮುಂದಿನ ವಾರ ಒಂದು ಟ್ರಾಲಿ ಆಟೋ ಬಂದಿತು. ಮಷೀನು, ಎರಡು ಟ್ರಂಕು, ಬಟ್ಟೆಯ ಗಂಟುಗಳು ಏರಿದವು. ಶಾಮಲಾ ಹಿಂದೆ ಮಷೀನಿನ ಪಕ್ಕದಲ್ಲಿ ಗಂಟಿನ ಮೇಲೆ ಕೂತಳು. ನಾನು ಬುತ್ತಿ ಕೊಟ್ಟೆ. ಬಂಡೆಮ್ಮ ಎದುರು ಮನೆಯ ಅಂಗಳ ತೊಳೆಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

ತುಳಸಾಬಾಯಿ ಮೆಟ್ಟಿಲಿಳಿದು ಬಂದಳು. ಮೇಲೆ ಬಾಗಿಲಿಗೆ ಬೀಗ ಹಾಕಿಕೊಂಡೇ ಬಂದಿದ್ದಳು, ಬಗಲಲ್ಲಿ ಒಂದು ಸಣ್ಣ ಗಂಟು.

"ನಾನೂ ಬರ್ಲೇನು?"

ಶಾಮಲಾ ಅವಳನ್ನೂ ಗಂಟನ್ನೂ ನೋಡಿದಳು. "ನನ್ನ ಕೂಡ ಇರಾಕ ಬರತೀಯೋ, ನನ್ನ ಕಾಯಾಕ ಬರತೀಯೋ?"

ಡ್ರೈವರ್ ತೆಲುಗಿನಲ್ಲಿ ಬೇಗ ಎಂದ. ತುಳಸಾಬಾಯಿ ಅವಸರ ಮಾಡಲಿಲ್ಲ. ಮಗಳ ಮಾತನ್ನು ನಿಜವಾಗಿಯೇ ತನ್ನೊಳಗೆ ಕೇಳಿಕೊಳ್ಳುವವಳಂತೆ ಸ್ವಲ್ಪ ಹೊತ್ತು ನಿಂತಳು.

"ಗೊತ್ತಿಲ್ಲ. ಬಂದ ಮ್ಯಾಲೆ ಗೊತ್ತಾಗತೈತಿ."

ಶಾಮಲಾ ಪಕ್ಕದ ಬಟ್ಟೆಯ ಗಂಟನ್ನು ಒಂದು ಮೊಳ ಆಚೆ ಸರಿಸಿ ಜಾಗ ಮಾಡಿದಳು, ಕೈ ಮಾತ್ರ ಕೊಡಲಿಲ್ಲ. ತುಳಸಾಬಾಯಿ ಆಟೋದ ಕಂಬಿ ಹಿಡಿದು ತಾನೇ ಹತ್ತಿದಳು.